ಭಾವನವರ ಕಾರಿನ ಊದುಗೊಳವೆ

ನಮ್ಮ ಭಾವನವರಿಗೆ ತಲೆ ಕೆಟ್ಟಿದೆ ಎಂದು ಶಹಾಬಾದಿನ ಅರ್ಧ ಊರು ಹೇಳುತ್ತದೆ. ನಾನು ಹಾಗೆ ಹೇಳುವುದಿಲ್ಲ. ತಲೆ ಕೆಟ್ಟಿದ್ದರೆ ಅವರು ಅದನ್ನು ಎಂದೋ ಬಿಚ್ಚಿ ರಿಪೇರಿ ಮಾಡಿಕೊಳ್ಳುತ್ತಿದ್ದರು. ಕೆಟ್ಟಿದ್ದನ್ನು ಬಿಚ್ಚದೆ ಬಿಡುವ ಮನುಷ್ಯರೇ ಅಲ್ಲ. ಕೆಡದೇ ಇದ್ದದ್ದನ್ನೂ ಬಿಚ್ಚುತ್ತಾರೆ ಎನ್ನುವುದು ಬೇರೆ ಮಾತು!

ನನ್ನ ಅಕ್ಕನ ಗಂಡ ಅವರು. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಅಕ್ಕನಿಗೆ ಮನೆಯಲ್ಲೇ ಬಳಸುವ ಸಣ್ಣ ಹಿಟ್ಟಿನ ಗಿರಣಿ ತರುತ್ತೇನೆಂದು ಹೈದರಾಬಾದಿಗೆ ಹೋದರು. ತಂದದ್ದು ಒಂದು ಹಳೆಯ ವಿದೇಶಿ ಕಾರು. ಗಿರಣಿ ಎಲ್ಲಿ ಎಂದು ಅಕ್ಕ ಕೇಳಿದ್ದಕ್ಕೆ, “ಇದ್ರಾಗೂ ತಿರಗೂದು ಭಾಳ ಅದ” ಎಂದರಂತೆ. ಹಳೆಯ ಗಾಡಿ ಕೊಳ್ಳುವವರಿಗೆ ನನ್ನದೊಂದು ಸಲಹೆ: ಮಾರುವವನು ಚಹಾ ಕುಡಿಸಿದರೆ ಎದ್ದು ಬನ್ನಿ. ಭಾವನವರು ಚಹಾದ ಜೊತೆ ಬಿಸ್ಕಿಟ್ಟನ್ನೂ ತಿಂದಿದ್ದರು.

ಆ ಕಾರಿನ ಎಂಜಿನ್ ಪಕ್ಕದಲ್ಲಿ ಸೂಪರ್‌ಚಾರ್ಜರ್ ಎಂಬುದೊಂದಿದೆ. ಅದೇನೆಂದು ಕೇಳಿದೆ. “ಒಲಿಗೆ ಊದುಗೊಳವಿ ಇದ್ದಂಗ, ತಮ್ಮಾ. ಇಂಜನಿಗೆ ಗಾಳಿ ಊದ್ತದ, ಉರಿ ಜೋರ್ ಆಗ್ತದ.” ಚಿತ್ತಾಪುರದ ರಸ್ತೆಯಲ್ಲಿ ಎಮ್ಮೆಗಳ ಹಿಂದೆ ಹೋಗುವುದಕ್ಕೆ ಅಷ್ಟು ಉರಿ ಯಾಕೆ ಬೇಕು? ಕೇಳಿದೆ. ಭಾವ ಬಾನೆಟ್ ಮುಚ್ಚಿದರು.

ಆ ಊದುಗೊಳವೆಯ ಬೇರಿಂಗುಗಳು ಸವೆದುಹೋಗಿದ್ದವು. ಗಾಡಿ ಚಾಲೂ ಮಾಡಿದರೆ ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು, ಅದರ ಮೇಲೊಂದು ಸೀಟಿ. ಭಾವ ರಾವೂರು ದಾಟಿದರೆ ವಾಡಿಯವರು ದನ ಪಕ್ಕಕ್ಕೆ ಕಟ್ಟುತ್ತಿದ್ದರು. ಭಾವನವರಿಗೆ ಮಾತ್ರ ಏನೂ ಅನಿಸುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಕಲ್ಲು ಪುಡಿ ಮಾಡುವ ಯಂತ್ರದ ಪಕ್ಕ ಆಯಸ್ಸು ಕಳೆದವರಿಗೆ ಅದು ಜೋಗುಳ!

ಹೀಗಿರಲು ಚಿಂಚೋಳಿಯಲ್ಲೊಂದು ಮದುವೆ. ಅಕ್ಕ, ಭಾವ ಇಬ್ಬರೂ ಕಾರಿನಲ್ಲಿ ಹೊರಟರು. ಚಿತ್ತಾಪುರ ದಾಟಿದ ಮೇಲೆ, ಹಿಂದಿನ ಸೀಟಿನಲ್ಲಿದ್ದ ಅಕ್ಕ ಬಹಳ ದಿನದಿಂದ ನುಂಗಿಕೊಂಡಿದ್ದ ಮಾತನ್ನು ಧೈರ್ಯ ಮಾಡಿ ಹೇಳಿದಳು. “ನನ್ನ ಎಡಗಣ್ಣು ಮಂಜ ಆಗ್ಯದ್ರಿ. ಡಾಕ್ಟರ್ ಜಲ್ದಿ ಆಪರೇಷನ್ ಮಾಡಸ್ರಿ ಅಂದಾರ. ನನಗ ಅಂಜಿಕಿ ಬರಾಕತ್ತದ.”

ಭಾವ ತಿರುಗದೆ ಹೇಳಿದರು: “ಹೌದೌದು, ಇಂಜನ್ ಭಾಳ ಚಲೋ ಎಳ್ಯಾಕತ್ತದ.”

ಸೇಡಂನಲ್ಲಿ ಅವರು ಗಾಡಿಗೆ ನೀರು ಹಾಕಲು ನಿಲ್ಲಿಸಿದಾಗ ಅಕ್ಕ ಇಳಿದು ನೆಟ್ಟಗೆ ಅದೇ ಊರಿನ ನನ್ನ ಮನೆಗೆ ಬಂದಳು. ಭಾವ ಚಿಂಚೋಳಿ ಮುಟ್ಟಿದರು. “ಅಕ್ಕಾರ ಎಲ್ಲಿ?” ಎಂದು ಮದುವೆ ಮನೆಯವರು ಕೇಳಿದಾಗಲೇ ಹಿಂದಿನ ಸೀಟು ನೋಡಿದ್ದು!

ಅಕ್ಕನ ಹಟ ನಿಮಗೆ ಗೊತ್ತಿಲ್ಲ. “ಆ ಸಪ್ಪಳ ನಿಂದರಸಿ ಬಂದು ಕರೀಲಿ. ಕಣ್ಣಿಂದು ಅವರಾಗಿ ಕೇಳಲಿ. ಅಲ್ಲೀತನ ಆಪರೇಷನ್ ಇಲ್ಲ. ನೀ ಬಾಯಿ ಬಿಟ್ಟರ ನಿನ್ನ ಮನಿಗಿ ಮತ್ತ ಕಾಲಿಡಲ್ಲ.” ಅಲ್ಲ ಸ್ವಾಮಿ, ಕಣ್ಣು ಹೋಗುತ್ತಿದೆ, ಇವಳಿಗೆ ಮರ್ಯಾದೆ ಮುಖ್ಯ, ಅವರಿಗೆ ಬೇರಿಂಗು ಮುಖ್ಯ. ನಡುವೆ ನಾನು! ಸದ್ದು ನಿಂತರೆ ಬರುತ್ತಾಳಂತೆ ಎಂದಷ್ಟೇ ಭಾವನಿಗೆ ಹೇಳಿದೆ.

ನಾನು ಸೈಕಲ್ ಮೇಲೆ ವಾಷರ್ ಮಾರುತ್ತ ಶುರುಮಾಡಿ, ಇಂದು ಸೇಡಂನಲ್ಲಿ ಪೈಪು-ಪಂಪಿನ ಅಂಗಡಿ ಇಟ್ಟಿರುವವನು. ಕೆಲಸ ಬೇಗ ಮುಗಿಯಲೆಂದು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಶ್ ಮಷಿನ್ನಿಗೆ ಹಾಕುವ ಬೇರಿಂಗನ್ನು, ಅದೇ ಅಳತೆಯದು, ಅಂಗಡಿಯವನು ಅಳುವ ಹಾಗೆ ಚೌಕಾಸಿ ಮಾಡಿ ತಂದುಕೊಟ್ಟೆ. ಭಾವ ಅದನ್ನು ಬೆರಳಲ್ಲಿ ತಿರುಗಿಸಿದರು.

“ಎತ್ತಿಗೂ ಕುದುರಿಗೂ ಒಂದೇ ನಾಲ ಹೊಡಸ್ತಿಯೇನು?”

“ಅಳತಿ ಒಂದೇ ಅದಲ್ಲ ಭಾವ.”

“ಕಲ್ಲಿನ ಮಷಿನ್ ನಡೀತದ, ಇದು ಹಾರತದ. ನೀ ಪೈಪ್ ಮಾರು.”

ಬೇಕಾದ ಬೇರಿಂಗು ಬರಲು ವಾರಗಳು ಹಿಡಿದವು. ಅಷ್ಟರಲ್ಲಿ ಭಾವ ಊದುಗೊಳವೆ ಬಿಚ್ಚಿ ಅದರ ಹಳೆಯ ಎಣ್ಣೆ ಸುರಿದರು. ಆ ವಾಸನೆಯನ್ನು ಹೇಗೆ ಬಣ್ಣಿಸಲಿ? ಎದುರು ಮನೆಯಾಕೆ ಸೆರಗು ಮೂಗಿಗೆ ಹಿಡಿದು ಬಂದಳು. “ಏನ್ರಿ, ಅಟ್ಟದ ಮ್ಯಾಲ ಏನರ ಸತ್ತದೇನು? ಹುಡುಕಾಕ ಬರ್ಲೇನು?” ಭಾವ ಸೌಜನ್ಯದಿಂದ, “ಬ್ಯಾಡ್ರಿ, ಸತ್ತಿದ್ದು ಸಿಕ್ಕದ” ಎಂದರು.

ಬೇರಿಂಗು ಬಂತೆಂದು ತಿಳಿದು ನಾನು ಮತ್ತೆ ಶಹಾಬಾದಿಗೆ ಹೋದೆ. ಅಡುಗೆಮನೆಯಲ್ಲಿ ರೊಟ್ಟಿಯ ಹಂಚಿನ ಮೇಲೆ ಸೂಪರ್‌ಚಾರ್ಜರಿನ ಕವಚ ಕಾಯುತ್ತಿತ್ತು! ಬಾಯಾರಿ ಫ್ರಿಜ್ ತೆರೆದರೆ, ಬರ್ಫದ ಖಾನೆಯಲ್ಲಿ ಅಕ್ಕನ ಸ್ಟೀಲ್ ಡಬ್ಬಿ. ಪೇಡೆ ಇರಬಹುದೆಂದು ಮುಚ್ಚಳ ತೆಗೆದೆ.

“ತಿನ್ನಬ್ಯಾಡ. ತಣ್ಣಗಾಗಾಕತ್ತದ.”

ಒಳಗಿದ್ದದ್ದು ಬೇರಿಂಗುಗಳು. ಕಾದ ಕವಚ ಹಿಗ್ಗುತ್ತದೆ, ತಣ್ಣಗಾದ ಬೇರಿಂಗು ಕುಗ್ಗುತ್ತದೆ, ತಾನಾಗಿ ಒಳಗೆ ಕೂರುತ್ತದೆ ಎಂಬುದು ಅವರ ಲೆಕ್ಕ. ಸುತ್ತಿಗೆಯಿಂದ ಎರಡು ಏಟು ಹಾಕಿದರೆ ಮುಗಿಯುವ ಕೆಲಸ ಎಂದೆ. ಅವರು ನನ್ನನ್ನು ನೋಡಿದ ರೀತಿಗೆ ನಾನೇ ಅಷ್ಟು ಕುಗ್ಗಿ ಡಬ್ಬಿಯಲ್ಲಿ ಹಿಡಿಸುವಂತಾದೆ. ಬೇರಿಂಗು ಸದ್ದಿಲ್ಲದೆ ಜಾರಿ ಕೂತಿತು. ಒಪ್ಪಿಕೊಳ್ಳುವುದು ಕಷ್ಟ, ಆದರೆ ಕೂತಿತು.

ಮರುದಿನ ಬೆಳಿಗ್ಗೆ ಸೇಡಂನ ನಮ್ಮ ಮನೆಯೆದುರು ಕಾರು ಬಂದು ನಿಂತದ್ದು ಯಾರಿಗೂ ಗೊತ್ತಾಗಲಿಲ್ಲ. ಅಕ್ಕ ತೊಗರಿಬೇಳೆ ಆರಿಸುತ್ತಿದ್ದವಳು ಬಾಗಿಲಲ್ಲಿ ನೆರಳು ಬಿದ್ದಾಗ ತಲೆಯೆತ್ತಿದಳು.

“ಸಪ್ಪಳ ನಿಂತದ. ಬಾ,” ಎಂದರು ಭಾವ. ಅಷ್ಟೇ! ವಾರಗಟ್ಟಲೆ ನನ್ನ ಮನೆಯಲ್ಲಿದ್ದ ಹೆಂಡತಿಗೆ ಇಷ್ಟೇ ಮಾತು. ಅಕ್ಕ ಮೊರ ಕೆಳಗಿಟ್ಟು, ಕೈಚೀಲ ತಗೊಂಡು, ಈ ಸಲ ಮುಂದಿನ ಸೀಟಿನಲ್ಲಿ ಕೂತಳು. ಕಾರು ಹೋಯಿತು.

ಅವಳ ಕಣ್ಣಿಗೆ ಬಿಡುವ ಔಷಧದ ಬಾಟಲಿ ನಮ್ಮ ಮನೆಯಲ್ಲೇ ಉಳಿದಿತ್ತು. ಬೈಯುತ್ತಲೇ ಸ್ಕೂಟರ್ ಹತ್ತಿದೆ. ಊರು ದಾಟಿ ಸ್ವಲ್ಪ ದೂರ ಹೋದರೆ ರಸ್ತೆಯ ಬದಿಯಲ್ಲಿ ಕಾರು ನಿಂತಿದೆ. ಮುಗೀತು, ಬೇರಿಂಗು ಹೋಯಿತು! ಸುತ್ತಿಗೆ ಬಳಸಿ ಎಂದು ಹೇಳಿರಲಿಲ್ಲವೇ? ನಾಲ್ಕು ಮಾತು ಆಡಲೇಬೇಕೆಂದು ಸ್ಕೂಟರ್ ನಿಲ್ಲಿಸಿದೆ. ಆದರೆ ಬಾನೆಟ್ ಮುಚ್ಚಿಯೇ ಇತ್ತು.

ಅಕ್ಕ ಕಾರಿಗೆ ಒರಗಿ ನಿಂತಿದ್ದಳು, ಬಲಗಣ್ಣಿನ ಮೇಲೆ ಭಾವನ ಕರವಸ್ತ್ರ ಒತ್ತಿಕೊಂಡು. ಸದ್ದಿಲ್ಲದ ಕಾರಿನಲ್ಲಿ ಕಣ್ಣಿನ ಮಾತು ಕೊನೆಗೂ ಎದ್ದಿರಬೇಕು. ಭಾವ ತೊಗರಿ ಹೊಲದ ಅಂಚಿನಲ್ಲಿ ನಿಂತು ಕೈಯೆತ್ತಿ ಬೆರಳು ತೋರಿಸುತ್ತಿದ್ದರು.

“ಈಗ ಎಷ್ಟು?”

“ಕೈನೇ ಕಾಣವಲ್ದು.”

ಅವರು ಹತ್ತಿರ ಬಂದರು. “ಈಗ?”

“ಇಲ್ಲರಿ.”

ಇನ್ನೂ ಹತ್ತಿರ. ಮತ್ತೆ ಇಲ್ಲ. ಕೊನೆಗೆ ಅವರ ಬೆರಳು ಅವಳ ಕೆನ್ನೆಗೆ ತಾಗುವಷ್ಟು ಹತ್ತಿರ ಬಂದು ನಿಂತರು. ಬೆರಳು ಮಡಚಿದರು.

“ಆಪರೇಷನ್ ಖೋಲಿ ಒಳಗ ನಾನೂ ಬರ್ತೀನಿ. ಡಾಕ್ಟರ್ ಬ್ಯಾಡ ಅಂದ್ರೂ ಬರ್ತೀನಿ,” ಎಂದರು.