ಒಂದು ಗಂಟೆ ಹಿಂದೆ ಹೋದ ಆಫೀಸು

ಆ ಆಫೀಸಿನಲ್ಲಿ ತಿಂಗಳಿಗೆ ಮೂರು ಸಲ ತಡವಾಗಿ ಬಂದವರನ್ನು ನೆಲಮಾಳಿಗೆಯ ಹಳೇ ಫೈಲುಗಳ ಕೋಣೆಗೆ ಹಾಕುತ್ತಿದ್ದರು. ಅಲ್ಲಿ ಫ್ಯಾನಿಲ್ಲ, ಕಿಟಕಿಯಿಲ್ಲ, ಜಿರಲೆಗಳಿಗೆ ಮಾತ್ರ ಬರವಿಲ್ಲ. ಡೇಟಾಬೇಸ್ ನೋಡಿಕೊಳ್ಳುವವನನ್ನು ಎಲ್ಲರೂ ಸರ್ವರಪ್ಪ ಎನ್ನುತ್ತಿದ್ದರು. ಈ ತಿಂಗಳು ಅವನಿಗೆ ಆಗಲೇ ಎರಡು ಸಲ ತಡವಾಗಿತ್ತು. ಒಂಬತ್ತರ ಆಫೀಸಿಗೆ ಇವತ್ತು ಅವನು ಕಾಲಿಟ್ಟಾಗ ಒಂಬತ್ತೂ ನಲವತ್ತು.

ಹೆಬ್ಬೆಟ್ಟು ಒತ್ತುವ ಹಾಜರಿ ಯಂತ್ರಕ್ಕೆ ಸ್ವಂತ ಗಡಿಯಾರವಿರಲಿಲ್ಲ. ಡೇಟಾಬೇಸ್ ಸರ್ವರ್ ಹೇಳಿದ್ದೇ ಅದಕ್ಕೆ ಸಮಯ. ಸರ್ವರಪ್ಪ ಬೆಕ್ಕಿನಂತೆ ತನ್ನ ಕುರ್ಚಿಗೆ ನುಸುಳಿ, ಒಂದು ಸಾಲಿನ ಆಜ್ಞೆ ಬರೆದು, ಸರ್ವರಿನ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಳ್ಳಿದ. ಆಮೇಲೆ ಬಾಗಿಲಿಗೆ ಬಂದು ಹೆಬ್ಬೆಟ್ಟು ಒತ್ತಿದ.

“ಎಂಟೂ ನಲವತ್ತೆರಡಾ? ನನ್ನ ವಾಚಲ್ಲಿ ಹತ್ತಾಗ್ತಾ ಬಂತಲ್ಲ ಸರ್ವರಪ್ಪ,” ಎಂದಿತು ಹಿಂದಿನಿಂದ ಒಂದು ಸ್ವರ. ಟಪಾಲು ವಿಭಾಗದ ಅಕ್ಕ. ಅವರೂ ಈಗಷ್ಟೇ ಬರುತ್ತಿದ್ದರು.

“ಅಕ್ಕಾ, ಯಾರಿಗೂ ಹೇಳ್ಬೇಡಿ. ಒತ್ತಿ, ಒಳಗೆ ಬನ್ನಿ.”

“ನಾನ್ಯಾಕೆ ಹೇಳ್ಲಿ?” ಎನ್ನುತ್ತ ಅಕ್ಕ ಫೋನ್ ತೆಗೆದರು. ಹತ್ತು ನಿಮಿಷದಲ್ಲಿ ಹನ್ನೊಂದು ಜನ ಸೋಮಾರಿಗಳು ಓಡಿಬಂದು ಒತ್ತಿದರು.

ಅಷ್ಟರಲ್ಲಿ ಮ್ಯಾನೇಜರ್ ಬಂದರು. ಅವರಿಗೆ ಹಾಜರಿಯ ಹಂಗಿಲ್ಲ, ದಿನಾ ಹತ್ತಕ್ಕೇ ಬರುವವರು. ಇವತ್ತು ಸರ್ವರಪ್ಪನ ಪಕ್ಕದಲ್ಲೇ ಕುರ್ಚಿ ಎಳೆದು ಕೂತರು. ಅವರ ಎದುರು ಗಡಿಯಾರ ಮುಟ್ಟುವಂತಿಲ್ಲ. ಆದರೂ ಅವನು ಹೆದರಲಿಲ್ಲ. ಸರ್ವರನ್ನು ಆರಿಸಿ ಮತ್ತೆ ಹಾಕಿದರೆ ಹೊಸ ಸೆಟ್ಟಿಂಗುಗಳನ್ನೆಲ್ಲ ಅದು ಮರೆತುಬಿಡುತ್ತದೆ. ಆ ಮರೆವಿಗಾಗಿಯೇ ನಿನ್ನೆ ಮ್ಯಾನೇಜರಿಂದ ಬೈಸಿಕೊಂಡಿದ್ದ.

“ಸಾರ್, ಸರ್ವರ್ ಯಾಕೋ ನಿಧಾನ. ಒಂದ್ಸಲ ಆರಿಸಿ ಹಾಕ್ತೀನಿ.”

ಆರಿಸಿ ಹಾಕಿ, ಹಾಜರಿ ಯಂತ್ರದತ್ತ ಓರೆಗಣ್ಣಲ್ಲಿ ನೋಡಿದ. ಸಮಯ ಇನ್ನೂ ಒಂದು ಗಂಟೆ ಹಿಂದೆಯೇ ಇತ್ತು. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷೀಲಿ.

ಆಗ ನೆನಪಾಯಿತು. ನಿನ್ನೆ ಬೈಗುಳ ತಿಂದ ಮೇಲೆ ಕೈಪಿಡಿ ಓದಿ, ಆಜ್ಞೆಯಲ್ಲಿ ‘ಪರ್ಸಿಸ್ಟ್’ ಎಂದು ಸೇರಿಸಿದರೆ ಸರ್ವರ್ ಸತ್ತು ಹುಟ್ಟಿದರೂ ಮರೆಯುವುದಿಲ್ಲ ಎಂದು ಕಲಿತಿದ್ದ. ಹೊಸ ಹುಮ್ಮಸ್ಸಿನಲ್ಲಿ ಬೆಳಿಗ್ಗೆಯೂ ಹಾಗೆಯೇ ಬರೆದಿದ್ದ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದೆಂದರೆ ಇದೇ.

ಮ್ಯಾನೇಜರ್ ಊಟಕ್ಕೆ ಎದ್ದೊಡನೆ ಗಡಿಯಾರವನ್ನು ಸರಿಮಾಡಿದ. ಆದರೆ ಬೆಳಗಿನ ಹಾಜರಿ ಆಗಲೇ ಪ್ರಿಂಟಾಗಿ ಅವರ ಕೈ ಸೇರಿತ್ತು. ಮೂರು ಗಂಟೆಗೆ ಎಲ್ಲರನ್ನೂ ಕರೆಸಿದರು. ಸರ್ವರಪ್ಪ ಎಲ್ಲರ ಹಿಂದೆ ಹೋಗಿ ನಿಂತ.

“ಈ ಹಾಜರಿ ನೋಡಿ ನನಗೆ ಕಣ್ಣು ತುಂಬಿ ಬಂತು,” ಎಂದರು ಮ್ಯಾನೇಜರ್. “ಇಷ್ಟೊಂದು ಜನ ಒಂಬತ್ತಕ್ಕೆ ಮುಂಚೆ. ಎಲ್ಲರಿಗಿಂತ ಮೊದಲು ನಮ್ಮ ಸರ್ವರಪ್ಪ. ನಿಮ್ಮ ಹುರುಪಿಗೆ ನಾನ್ಯಾಕೆ ಅಡ್ಡ ಬರ್ಲಿ? ನಾಳೆಯಿಂದ ಆಫೀಸು ಎಂಟೂವರೆಗೆ. ಬೀಗದ ಕೈ ಸರ್ವರಪ್ಪನ ಹತ್ರ ಇರುತ್ತೆ, ಎಂಟಕ್ಕೇ ಬಂದು ಬಾಗಿಲು ತೆಗೀತಾನೆ.”

ಹನ್ನೆರಡು ಜೊತೆ ಕಣ್ಣುಗಳು ಸರ್ವರಪ್ಪನನ್ನು ಸುಡುವಂತೆ ನೋಡಿದವು. ಎಲ್ಲಕ್ಕಿಂತ ಬಿಸಿ ಅಕ್ಕನವು.

“ಸಾರ್, ಇದು ಸ್ವಲ್ಪ ದಿನಕ್ಕೆ ಮಾತ್ರಾನಾ?” ಎಂದು ಅವನು ಕ್ಷೀಣವಾಗಿ ಕೇಳಿದ.

ಮ್ಯಾನೇಜರ್ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟು ಬೆನ್ನು ತಟ್ಟಿದರು.

“ನಾನೇನು ನಿನ್ನ ಸರ್ವರ್ರೇನಯ್ಯಾ, ಬೆಳಗಾಗೋದ್ರೊಳಗೆ ಮರೆಯೋಕೆ?”