ಮೇಲ್ ಅಗಸಿ ಕಾಯ್ದ ಅಂಜುಬುರುಕ

ಹೆದರುವವರ ಮೇಲೆಯೇ ಹಾವು ಎಸೆಯುತ್ತಾರಂತೆ. ನನ್ನ ಮೇಲೆ ಬಿದ್ದಷ್ಟು ಹಾವು ಕಂಪ್ಯೂಟರ್ ಕೆಲಸದ ಇನ್ಯಾರ ಮೇಲೂ ಬಿದ್ದಿರಲಿಕ್ಕಿಲ್ಲ. ನಾನು ಹುಟ್ಟಾ ಅಂಜುಬುರುಕ. ಫೋನ್ ಬಂದರೆ ಅಂಜಿಕೆ, ಬರದಿದ್ದರೆ ಇನ್ನೂ ಅಂಜಿಕೆ. ಬೀದರ ಕಡೆಯವನು, ಉಮರ್ಗಾದ ಹುಡುಗಿಯನ್ನು ಮದುವೆಯಾಗಿ ಅಲ್ಲೇ ನಿಂತೆ. ಉದಗೀರದಲ್ಲಿ ಬೇಳೆ ಮಿಲ್ಲು ಇಟ್ಟ ಸಾವಕಾರರ ಹತ್ತಿರ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ಇದೆಲ್ಲ ನಡೆದದ್ದು ಬರಗಾಲದ ವರ್ಷಗಳಲ್ಲಿ. ಬಾವಿಗೆ ಕೊಡ ಬಿಟ್ಟರೆ ಕಲ್ಲಿನ ಸಪ್ಪಳ ಬರುತ್ತಿತ್ತು, ಮನೆಮನೆಯಲ್ಲೂ ಹಾಲಿಲ್ಲದ ಕರಿ ಚಹಾ.

೧. ಕಾವಲಿಯವನು

ಮಿಲ್ಲಿನ ಮೇಲ್ ಎಲ್ಲ ಉದಗೀರದ ಒಂದು ಸರ್ವರಿನಲ್ಲಿರುತ್ತಿತ್ತು. ಹೊರಗಿನಿಂದ ಬಂದ ಯಾವುದೋ ಕೆಟ್ಟ ಮೇಲ್ ತೆರೆದು ಒಮ್ಮೆ ಕಂಪ್ಯೂಟರುಗಳೆಲ್ಲ ಮಲಗಿಬಿಟ್ಟವು. ಇನ್ನು ಮೇಲೆ ಒಳಗಿನ ಸರ್ವರಿಗೆ ಹೊರಗಿನ ಗಾಳಿ ತಾಗಬಾರದು ಎಂದು ನಿಶ್ಚಯವಾಯಿತು. ಹೆದ್ದಾರಿಯ ಮೇಲಿನ ಉಮರ್ಗಾದಲ್ಲಿ ಇಂಟರ್ನೆಟ್ ಲೈನ್ ಚೆನ್ನಾಗಿತ್ತು. ಅಲ್ಲಿ ಒಂದು ಗೇಟ್‌ವೇ ಸರ್ವರ್ ಇಡುವುದು, ಬಂದ ಮೇಲನ್ನು ಅದು ನೋಡಿ ಉದಗೀರಕ್ಕೆ ದಾಟಿಸುವುದು, ನಮ್ಮ ಮೇಲ್ ಹೊರಗೆ ಹೋಗುವುದೂ ಅದೇ ದಾರಿಯಿಂದ.

"ಊರ ಅಗಸಿ ಬಾಗಲ ಇದ್ದಂಗ್ರಿ ಸಾವಕಾರ್ರ," ಎಂದು ತಿಳಿಸಿ ಹೇಳಿದೆ. "ಬಂದಾವರು ಮೊದಲ ಅಲ್ಲಿ ನಿಂದರ್ತಾರ. ಕಾವಲಿಯಂವಾ ಯಾರು, ಎಲ್ಲಿಗಿ ಅಂತ ಕೇಳಿ ಒಳಗ ಬಿಡ್ತಾನ."

ಸಾವಕಾರರ ಮನೆಯಲ್ಲಿ ದಾಸೋಹ ಎಂದರೆ ಉಸಿರಾಟ. ಪೂಜೆ ಮುಗಿಸಿ ಪಡಸಾಲೆಯಲ್ಲಿ ಕೂತರೆಂದರೆ ಬಂದವರಿಗೆಲ್ಲ ರೊಟ್ಟಿ. "ಎಲ್ಲಾ ಛಲೋ," ಎಂದರು. "ಆದ್ರ ನಮ್ಮ ಬಾಗಲಿಗಿ ಬಂದಾವರಿಗಿ ಇಲ್ಲ ಅಂದದ್ದು ನಮ್ಮ ಅಜ್ಜನ ಕಾಲದಿಂದ ಇಲ್ಲ. ನಿನ್ನ ಕಾವಲಿಯಂವಾ ಯಾರಿಗೂ ಹೊಳ್ಳಿ ಕಳಸಬಾರದು, ನೋಡು."

ಮೇಲ್ ಅಗಸಿಗೆ ಹಾಗೆ ಹೇಳುವಂತಿಲ್ಲ. ನಮ್ಮವರ ಮೇಲ್ ಅಷ್ಟೇ ದಾಟಿಸು, ಉಳಿದದ್ದನ್ನು ತಿರುಗಿಸು ಎಂದೇ ಬರೆಯಬೇಕು. ಅದನ್ನು ಹೇಳಲು ಬಾಯಿ ತೆರೆದೆ. ಸಾವಕಾರರು ನನ್ನ ಮುಖ ನೋಡಿದರು. ಬಾಯಿ ಮುಚ್ಚಿ, ಯಾರದೇ ಇರಲಿ ಎಲ್ಲ ದಾಟಿಸು ಎಂದು ಬರೆದುಬಿಟ್ಟೆ.

"ಇನ್ನೊಂದು," ಎಂದರು. ನಿಲಂಗಾದ ಹತ್ತಿರ ಅವರೊಂದು ಛಾವಣಿ ಹಾಕಿದ್ದರು. ಮೇವು ನೀರು ಸಿಗದ ಊರುಗಳ ದನಗಳನ್ನು ತಂದು ಕಟ್ಟಿ ಸಾಕುವ ಜಾಗ ಅದು. ಇಂದು ಎಷ್ಟು ದನ, ನಾಳೆಗೆ ಎಷ್ಟು ನೀರು ಎಂದು ದಿನಾ ಮುಂಜಾನೆ ಟ್ಯಾಂಕರ್ ಕಳಿಸುವವರಿಗೆ ಮೇಲ್ ಹೋಗಬೇಕು. "ಆ ಮೇಲ್ ತಪ್ಪಿ ಒಂದ್ ದಿನ ಟ್ಯಾಂಕರ್ ಬರ್ಲಿಲ್ಲಂದ್ರ, ಆ ದನಾ ತಂದು ನಿನ್ನ ಮನಿ ಮುಂದ ಕಟ್ತೀನಿ. ನೀನೇ ನೀರ ಕುಡಿಸು."

ಮನೆಗೆ ಬಂದು ಬಾಗಿಲ ಮುಂದಿನ ಜಾಗವನ್ನು ಹೆಜ್ಜೆ ಹಾಕಿ ಅಳೆದೆ. ಒತ್ತಿ ಕಟ್ಟಿದರೆ ನಾಲ್ಕು ಹಿಡಿಸುತ್ತಿದ್ದವು.

೨. ನೀರು ಕುಡಿಯುವ ಡಬ್ಬಿ

ಸರ್ವರ್ ಇಟ್ಟದ್ದು ಉಮರ್ಗಾದಲ್ಲಿ ಸಾವಕಾರರ ಅಕ್ಕನ ಮನೆಯ ಹಿಂದಿನ ಖೋಲಿಯಲ್ಲಿ. ಆ ಹಿರಿಯಾಕೆಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಮೇಲೆ ಪತ್ರಾಸಿನ ತಗಡಿನ ಛತ್ತು, ಏಪ್ರಿಲ್ ಬಿಸಿಲು. ಖೋಲಿಗೊಂದು ನೀರಿನ ಕೂಲರ್ ಇಡಿಸಿದ್ದೆ. ದಿನಾ ಎರಡು ಬಕೆಟ್ ನೀರು ಬೇಕು. ಆಯಿ ನೋಡಿದರು.

"ಈ ಡಬ್ಬಿ ನೀರ ಕುಡಿತದೇನಪಾ?"

"ಇಲ್ಲ ಆಯಿ. ಬಿಸಿ ಆಗಬಾರದು ಅಂತ ತಂಪು ಗಾಳಿ, ಅಷ್ಟೇ."

"ಓಣ್ಯಾಗ ಟ್ಯಾಂಕರ್ ಬಂದು ಒಂಬತ್ತು ದಿನ ಆತು. ಹೆಣ್ಮಕ್ಕಳು ಅರ್ಧಾ ಕೊಡಕ್ಕ ಜಗಳಾಡ್ಲತ್ತಾರ. ನೀ ಡಬ್ಬಿಗಿ ಎರಡ ಬಕೆಟ್ ಹಾಕ್ತಿ. ಅವರಿಗಿ ಗೊತ್ತಾದ್ರ ಡಬ್ಬೀನೂ ಇರಂಗಿಲ್ಲ, ನೀನೂ ಇರಂಗಿಲ್ಲ."

ಓಣಿಯ ಹೆಂಗಸರನ್ನು ನಾನು ಬಲ್ಲೆ. ಕೂಲರಿನ ನೀರನ್ನು ಆಗಲೇ ಬಸಿದು ಆಯಿಗೆ ಕೊಟ್ಟೆ. ಆಯಿ ಗೋಡೆಯ ಮೇಲಿನ ಬೀಸಣಿಕೆ ತಂದು ಕೈಗಿಟ್ಟರು. ಹನ್ನೆರಡರಿಂದ ಮೂರರವರೆಗೆ ಸರ್ವರಿಗೆ ಗಾಳಿ ಬೀಸಿದೆ. ಮಧ್ಯೆ ಸಾವಕಾರರು ಬಂದು ಬಾಗಿಲಲ್ಲಿ ನಿಂತರು.

"ಇದೂ ಇಂಜಿನಿಯರಿಂಗ್‌ದಾಗ ಕಲಸ್ತಾರೇನು?" ಎಂದರು.

೩. ಕಾಯಿ

ಅಮಾವಾಸ್ಯೆಯ ದಿನ ಆಯಿ ಸರ್ವರಿಗೆ ವಿಭೂತಿ ಹಚ್ಚಿ, ಕೈಯಲ್ಲಿ ತೆಂಗಿನಕಾಯಿ ಹಿಡಿದು ನಿಂತರು. ಯಂತ್ರದ ಮೇಲೆ ನೀರು ಸಿಡಿದರೆ ಎಲ್ಲ ಸುಟ್ಟುಹೋಗುತ್ತದೆಂದು ನಾನು ಅಡ್ಡ ಮಲಗುವುದೊಂದು ಬಾಕಿ. ಆಯಿ ನನ್ನನ್ನು ಬದಿಗೆ ಸರಿಸಿ ಕಾಯಿ ಒಡೆದರು. ಒಂದು ಹನಿ ಸಿಡಿಯಲಿಲ್ಲ, ಅಷ್ಟೂ ನೀರನ್ನು ಬಟ್ಟಲಲ್ಲಿ ಹಿಡಿದು ಅಲ್ಲೇ ಕುಡಿದರು.

"ಈ ವರ್ಷ ದೇವರೂ ನೀರ ಕೇಳಂಗಿಲ್ಲ," ಎಂದರು.

೪. ಅಗಸಿ ತುಂಬಿತು

ಒಂದು ಮುಂಜಾನೆ ನೋಡುತ್ತೇನೆ, ಸರ್ವರ್ ಏದುಸಿರು ಬಿಡುತ್ತಿದೆ. ದಾಟಬೇಕಾದ ಮೇಲ್‌ಗಳ ಸರತಿ ಮುಗಿಯುವುದೇ ಇಲ್ಲ. ಯಾವ ದೇಶದವರೋ ಯಾರಿಗೋ ಬರೆದವು. ಕೂದಲು ಬೆಳೆಸುವ ಎಣ್ಣೆ, ಲಾಟರಿ, ಮೈ ತೂಕ ಇಳಿಸುವ ಗುಳಿಗೆ. ಬಾಗಿಲು ತೆರೆದಿಟ್ಟ ಅಗಸಿ ಒಂದು ಉಮರ್ಗಾದಲ್ಲಿದೆ ಎಂದು ಲೋಕದ ಕಳ್ಳರಿಗೆಲ್ಲ ಗೊತ್ತಾಗಿತ್ತು.

"ಪರದೇಶದವ್ರು ಆಯಿ, ನಮ್ಮ ಅಗಸ್ಯಾಗಿಂದ ಹಾದು ಹೋಗ್ಲತ್ತಾರ," ಎಂದೆ.

"ಹೋಗ್ಲಿ ಬಿಡು. ನೀರೇನ್ ಕೇಳ್ಲಿಲ್ಲಲ್ಲ."

ತಿರುಗಿ ಬಂದ ಮೇಲ್ ಬೀಳುವ ಡಬ್ಬಿ ಒಂದಿರುತ್ತದೆ. ದಿನಾ ನೋಡುವುದು ನನ್ನ ಕೆಲಸ. ಕೆಟ್ಟ ಸುದ್ದಿ ಇದ್ದೀತೆಂಬ ಅಂಜಿಕೆಗೆ ನಾನು ಅದನ್ನು ತೆರೆಯುತ್ತಲೇ ಇರಲಿಲ್ಲ. ಅಂದು ತೆರೆದೆ. ಎಂಟು ದಿನಗಳ ಛಾವಣಿಯ ಮೇಲ್, ಎಂಟೂ ಅಲ್ಲಿದ್ದವು. ನಿಮ್ಮ ಸರ್ವರಿನಿಂದ ಬರೀ ಕಸ ಬರುತ್ತದೆ, ನಿಮ್ಮ ಯಾವ ಮೇಲೂ ಬೇಡ ಎಂದು ಆಚೆಯವರು ಹೊಳ್ಳಿಸಿದ್ದರು.

ಎಂಟು ದಿನ ನೀರಿಲ್ಲದೆ ನಿಂತ ಮೂಕ ಪ್ರಾಣಿಗಳು ಕಣ್ಣ ಮುಂದೆ ಬಂದವು. ನನ್ನ ನೌಕರಿಯ ಅಂಜಿಕೆ ಬೇರೆ, ಇದು ಬೇರೆ. ನಿಲಂಗಾಕ್ಕೆ ಫೋನ್ ಮಾಡಿ ಕೇಳುವ ಧೈರ್ಯವಾಗದೆ ಮೊಬೈಲ್ ಬಂದ್ ಮಾಡಿದೆ. ಸಂಜೆಯವರೆಗೆ ಕೂತು, ನಮ್ಮವರ ಹೊರತು ಯಾರನ್ನೂ ಬಿಡಬೇಡ ಎಂದು ಬರೆದು ಅಗಸಿ ಮುಚ್ಚಿದೆ. ಹೊರಗಿನವರ ಗುಳಿಗೆಗಳು ಬಹಳಷ್ಟು ಸುಖವಾಗಿ ಮುಟ್ಟಿದ್ದವು. ಹೊಳ್ಳಿ ಬಂದದ್ದು ನಮ್ಮ ನೀರಿನ ಚೀಟಿ.

೫. ಮನೆಯ ಮುಂದೆ

ಹೊತ್ತು ಮುಳುಗುವಾಗ ಮನೆಯ ಓಣಿಗೆ ತಿರುಗಿದೆ. ಬಾಗಿಲ ಮುಂದೆ ಎಮ್ಮೆ ಕಟ್ಟಿತ್ತು.

ಒಂದೇ ಎಮ್ಮೆ. ಉಳಿದವು ಹಿಂದಿನ ಲಾರಿಯಲ್ಲಿ ಬರುತ್ತಿವೆಯೋ, ಅಥವಾ ಉಳಿದದ್ದೇ ಇದೊಂದೋ? ಎರಡನೆಯ ವಿಚಾರ ಬಂದದ್ದೇ ಎಮ್ಮೆಯ ಮುಂದೆ ಕೂತುಬಿಟ್ಟೆ. ಎರಡೂ ಕೈ ಮುಗಿದೆ.

"ತಪ್ಪಾತು ನಮ್ಮವ್ವಾ. ಅಗಸಿ ಎಲ್ಲರಿಗೂ ತೆರದು ಇಟ್ಟಿದ್ದು ನಾನೇ. ಸಾವಕಾರ್ರಿಗಿ ಹೇಳ್ಲಿಕ್ಕಿ ಅಂಜಿದೆ. ಎಂಟ್ ದಿನ ನಿಮ್ಮ ಮೇಲ್ ಹೋಗಿಲ್ಲ, ನಾ ನೋಡೂ ಇಲ್ಲ. ನೀವು ಎಂಟ್ ದಿನ ನೀರಿಲ್ದೆ..." ಎಮ್ಮೆ ಮೆಲುಕು ಹಾಕುತ್ತಿತ್ತು. ಹೊಟ್ಟೆ ತುಂಬಿದ್ದಂತೆ ಕಂಡಿತು.

"ಎದ್ದು ಒಳಗ ಬಾ," ಎಂದಿತು ಒಂದು ದನಿ. ಸಾವಕಾರರು ನಮ್ಮ ಕಿಟಕಿಯಲ್ಲಿ ಚಹಾದ ಬಟ್ಟಲು ಹಿಡಿದು ಕೂತಿದ್ದರು. ಬಟ್ಟಲಲ್ಲಿ ಹಾಲು ಹಾಕಿದ ಚಹಾ. ಬಾಗಿಲ ಹಿಂದೆ ನನ್ನ ಹೆಂಡತಿ ಹಣೆಗೆ ಕೈ ಹಚ್ಚಿ ನಿಂತಿದ್ದಳು.

"ಎಂಟ್ ದಿನ ನಾ ಛಾವಣ್ಯಾಗೇ ಇದ್ದೆ," ಎಂದರು ಸಾವಕಾರರು. "ಟ್ಯಾಂಕರ್ ಒಂದ್ ದಿನಾ ತಪ್ಪಿಲ್ಲ. ಇದು ನಿನ್ನ ಮಷೀನದ ಪುಣ್ಯ ಅಂತ ತಿಳಿದು, ಕರಿ ಚಾ ಕುಡಿಯೋ ಮನಿಗಿ ಹಾಲಿರ್ಲಿ ಅಂತ ನನ್ನ ಎಮ್ಮಿ ಹೊಡಕೊಂಡು ಬಂದೀನಿ. ಮುಂಜಾನಿಯಿಂದ ಫೋನ್ ಹಚ್ಲತ್ತೀನಿ, ನಿಂದು ಬಂದ್."

ಆಮೇಲೆ ತಮ್ಮ ಫೋನಿನಿಂದ ಟ್ಯಾಂಕರ್ ಡ್ರೈವರನಿಗೆ ಹಚ್ಚಿದರು. ತುರೋರಿ ಎಂಬ ಊರಿನವನು. ಮೇಲ್ ಬರದೆ ನೀನು ಹೇಗೆ ಬಂದೆ ಎಂದು ಕೇಳಿದರು.

"ಎಂಥಾ ಮೇಲ್ ರೀ?" ಎಂದ ಅವನು. "ನನ್ನ ಎತ್ತಿನ ಜೋಡಿ ನಿಮ್ಮ ಛಾವಣ್ಯಾಗೇ ಕಟ್ಟೀನಿ. ನೀರ ತರದಿದ್ರ ಮನ್ಯಾಕಿ ನನಗ ರೊಟ್ಟಿ ಹಾಕ್ತಾಳೇನ್ರಿ?"

ಸಾವಕಾರರು ಚಹಾ ಮುಗಿಸಿದರು. ಹೊರಗೆ ಬಂದು ಎಮ್ಮೆಯ ಹಗ್ಗ ಬಿಚ್ಚಿ, ತುರೋರಿಯ ದಾರಿ ಹಿಡಿದರು.

ಮರುವರ್ಷ ಮಳೆ ಬಂತು, ಓಣಿಯಲ್ಲೆಲ್ಲ ಹಾಲಾಯಿತು. ನಮ್ಮ ಮನೆಯಲ್ಲಿ ನನಗೊಬ್ಬನಿಗೆ ಇಂದಿಗೂ ಕರಿ ಚಹಾ. "ಎಮ್ಮಿಗಿ ಕೈ ಮುಗಿಯೋದಕ್ಕಿಂತ ಮೊದಲ ಒಳಗ ಬಂದು ನನಗ ಒಂದ್ ಮಾತ್ ಕೇಳಿದ್ರ ಏನಾಗ್ತಿತ್ರಿ?" ಎನ್ನುತ್ತಾಳೆ ಹೆಂಡತಿ, ಬಟ್ಟಲು ಇಡುವಾಗೆಲ್ಲ.

ಅಂಜಿಕೆಯಾಗಿತ್ತು ಎಂಬುದೇ ಅದಕ್ಕೆ ಉತ್ತರ. ಅದನ್ನು ಆಕೆಗೆ ಹೇಳಲು ಅಂಜಿಕೆ.