ರೇಡಿಯೊ ಮಾಸ್ತರರು ಕಾಯುವುದಿಲ್ಲ

ಪುಷ್ಯ ಮಾಸದ ಮಂಗಳವಾರ, ಸಂಜೆ ಆರೂ ನಲವತ್ತು. ಆಳಂದ ತಾಲ್ಲೂಕಿನ ಮಟಕಿಯ ನಮ್ಮ ಪಡಸಾಲೆಯಲ್ಲಿ ಇದ್ದವರು ನಾನು, ನನ್ನ ತಮ್ಮ, ಅವನ ಹೆಂಡತಿ ಮತ್ತು ಒಂದು ರೇಡಿಯೊ. ನನ್ನ ತಮ್ಮನಂಥ ವಿದ್ಯಾರ್ಥಿಯನ್ನು ಆ ರೇಡಿಯೊ ಹಿಂದೆಂದೂ ಕಂಡಿರಲಾರದು! ಸಿಟ್ಟಿನಿಂದ ಹೇಳುತ್ತಿದ್ದೇನೆ ಅನ್ನುತ್ತೀರಾ? ಹೌದು, ಸಿಟ್ಟಿನಿಂದಲೇ. ಸರಕಾರಿ ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ಗಡಿಯಾರ ನೋಡಿ ಗುಳಿಗೆ ಕೊಟ್ಟ ಸಿಸ್ಟರ್ ನಾನು. ನಿವೃತ್ತಳಾಗಿ ಊರಿಗೆ ಬಂದರೆ, ಐವತ್ತು ದಾಟಿದ ಈ ಮಹಾಶಯ ಶಾಲೆಗೆ ಸೇರಿದ್ದ!

ಗೋಡೆ, ಗಂಟೆ ಇರುವ ಶಾಲೆಯಲ್ಲ. ರೈತರಿಗಾಗಿ ರೇಡಿಯೊದಲ್ಲಿ ನಡೆಯುವ ಶಾಲೆ. ಮಂಗಳವಾರಕ್ಕೊಂದು ಪಾಠ, ತೊಗರಿಯ ಬಗ್ಗೆ. ಪಾಠದ ಕೊನೆಗೊಂದು ಪ್ರಶ್ನೆ. ಉತ್ತರವನ್ನು ಕಾರ್ಡಿನಲ್ಲಿ ಬರೆದು ಶನಿವಾರದೊಳಗೆ ಮುಟ್ಟಿಸಬೇಕು. ಹನ್ನೆರಡು ಕಾರ್ಡೂ ಮುಟ್ಟಿದವರ ಹೆಸರನ್ನು ಕೊನೆಗೆ ಓದುತ್ತಾರೆ. ಒಂದು ತಪ್ಪಿದರೂ ಹೆಸರಿಲ್ಲ.

"ಈ ವಯಸ್ಸಿನ್ಯಾಗ ಇದೆಲ್ಲ ಯಾಕ ಬೇಕೋ?" ಎಂದೆ.

"ಮಾಸ್ತರ ಬಾಯಿಲೆ ನನ್ನ ಹೆಸರ ಬರಬೇಕಕ್ಕ. ಅಷ್ಟಾದ್ರ ಸಾಕು."

ಮೊದಲ ದಿನವೇ ಪಾಠದ ನಡುವೆ ಪೆನ್ಸಿಲ್ ಮೊನೆ ಮುರಿಯಿತು. ಇವನು ಏನು ಮಾಡಿದ? ರೇಡಿಯೊ ಬಂದ್ ಮಾಡಿ, ಒಳಗೆ ಹೋಗಿ, ಪೆನ್ಸಿಲ್ ಹೆರೆದು, ನೀರು ಕುಡಿದು, ನಿಧಾನವಾಗಿ ಬಂದು ಮತ್ತೆ ಹಚ್ಚಿದ. ಅಷ್ಟರಲ್ಲಿ ಪಾಠ ಮುಗಿದು ಹಾಡು ಬರುತ್ತಿತ್ತು.

"ಮಾಸ್ತರಗ ಒಂದ ಜರಾ ತಾಳ್ಮಿ ಇಲ್ಲ ನೋಡಕ್ಕ! ನನ್ನ ಬಿಟ್ಟು ಮುಂದ ಹೋಗ್ಯಾನ!"

ಆ ವಾರದ ಪ್ರಶ್ನೆಯನ್ನು ನಾನೇ ಪಕ್ಕದ ಮನೆಯಲ್ಲಿ ಕೇಳಿ ತಂದೆ. ರೇಡಿಯೊ ಶಾಲೆಗೆ ಹೊಸದಾಗಿ ಸೇರುವವರು ಕಿವಿಗೊಟ್ಟು ಕೇಳಿ. ಗುಂಡಿ ತಿರುಗಿಸಿದರೆ ಬಂದ್ ಆಗುವುದು ನಿಮ್ಮ ರೇಡಿಯೊ, ಮಾಸ್ತರರಲ್ಲ! ಇದನ್ನೇ ಅವನಿಗೂ ಹೇಳಿದೆ. ತಲೆಯಾಡಿಸಿದ. ಮುಂದಿನ ವಾರ ಒಂದು ಮಾತು ತಪ್ಪಿಹೋದಾಗ ರೇಡಿಯೊ ಬಂದ್ ಮಾಡಲಿಲ್ಲ, ನಿಜ. ಎದ್ದು ಪಕ್ಕದ ಮನೆಯ ಚಾಚಾನ ಅಂಗಳಕ್ಕೆ ಓಡಿದ!

"ಅಲ್ಲೇನು ಮಾಡಾಕತ್ತಿದ್ಯೋ?"

"ಚಾಚಾಂದು ಹಳೇ ರೇಡಿಯೊ ಅಕ್ಕ. ಸ್ವಲ್ಪ ಸಾವಕಾಶ ಹೋಗ್ತದೇನೋ, ಬಿಟ್ಟ ಮಾತು ಸಿಗ್ತದೇನೋ ಅಂದ್ಕೊಂಡೆ."

ಇದಕ್ಕೆ ನಾನು ಯಾವ ಗುಳಿಗೆ ಕೊಡಲಿ?

ಮಾಸ್ತರರು ಮಾತಿನ ವಾಡಿಕೆಗೆ "ತಿಳಿಯಿತಲ್ಲವೇ?" ಎಂದರೆ ಇವನು ಕೈಕಟ್ಟಿ, "ಇಲ್ರೀ ಸರ, ಇನ್ನೊಮ್ಮಿ ಹೇಳ್ರಿ" ಅನ್ನುತ್ತಿದ್ದ. ಅವನ ಹೆಂಡತಿ ಒಲೆಯ ಮುಂದಿನಿಂದಲೇ ಕೂಗಿದಳು: "ನೋಡ್ರಿ ಅಕ್ಕಾರ, ನಾ ಹತ್ತ ಸಲ ಕರದ್ರೂ ಓ ಅನ್ನಂಗಿಲ್ಲ. ಆ ಡಬ್ಬಿಗೆ ಎಷ್ಟ ಮರ್ಯಾದಿ!"

ಇನ್ನು ಕಾರ್ಡುಗಳು. ಅವನು ಹೇಳಬೇಕು, ನಾನು ಬರೆಯಬೇಕು. ಕಾಯಿಕೊರಕ ಹುಳು ಮೊಟ್ಟೆ ಎಲ್ಲಿಡುತ್ತದೆ ಎಂಬುದು ಪ್ರಶ್ನೆ.

"ನಮ್ಮ ಹೊಲದಾಗ ಅಂತ ಬರಿ."

"ಲೇ, ಗಿಡದಾಗ ಎಲ್ಲಿ ಅಂತ ಕೇಳ್ಯಾರ!"

"ಗಿಡದ ಮಾತು ಆಮ್ಯಾಲ. ಮ್ಯಾಗಿನ ಹೊಲದಾಗ ಒಂದೂ ಹುಳ ಇಲ್ಲ, ಎಲ್ಲಾ ನಮ್ಮಲ್ಲೇ ಬಂದಾವ. ಅದನ್ನ ಮೊದಲ ಬರಿ!"

ಒಂಬತ್ತನೆಯ ವಾರ ಮುಷ್ಕರವನ್ನೇ ಹೂಡಿದ. "ಅವರು ಹೇಳಿದ್ದ ಅವರಿಗೇ ತಿರುಗಿ ಹೇಳೋದೇನು? ಮರತಾರೇನು?" ಎಂದು ಬಾಯಿ ಮುಚ್ಚಿ ಕುಳಿತ. ಗುರುವಾರ ಹೋಯಿತು. ಶುಕ್ರವಾರ ಊರಿನ ಟಪಾಲು ಹೊರಟುಹೋದ ಮೇಲೆ ಇವನ ಮುಖ ಬಾಡಿತು. "ಅಕ್ಕ, ಹೆಸರ ಹೋತೇನು?" ಎಂದ. ಬೈಯುತ್ತಲೇ ಕಾರ್ಡು ಬರೆದೆ. ಬೈಯುತ್ತಲೇ ಬಸ್ಸು ಹತ್ತಿದೆ. ನಿಂತುಕೊಂಡೇ ಆಳಂದಕ್ಕೆ ಹೋಗಿ ದೊಡ್ಡ ಪೋಸ್ಟಿನಲ್ಲಿ ಹಾಕಿದೆ. ಮಧ್ಯಾಹ್ನ ಒಂದಕ್ಕೆ ಆಗಬೇಕಿದ್ದ ನನ್ನ ಊಟ ಆ ದಿನ ನಾಲ್ಕಕ್ಕೆ ಆಯಿತು! ಕಾರ್ಡು ವೇಳೆಗೆ ಮುಟ್ಟಿತೋ ಇಲ್ಲವೋ, ಹೇಳುವವರು ಯಾರು?

ಅಂತೂ ನಾನು ಮೊದಲಿಗೆ ಹೇಳಿದ ಆ ಮಂಗಳವಾರ ಬಂತು. ಹೆಸರು ಓದಲು ಶುರುಮಾಡಿದರು. ಜೇವರ್ಗಿ ತಾಲ್ಲೂಕಿನವು ಬಂದವು, ಇಜೇರಿಯವೇ ಮೂರು. ಅಫಜಲಪುರ ಮುಗಿಯಿತು. ಆಳಂದ ತಾಲ್ಲೂಕು ಬಂತು, ಭೂಸನೂರಿನವರು ಇಬ್ಬರು. ಇವನು ರೇಡಿಯೊದ ಹತ್ತಿರಕ್ಕೆ ಸರಿದ. ನನ್ನ ಎದೆ ಯಾಕೆ ಬಡಿದುಕೊಳ್ಳಬೇಕು, ಹೇಳಿ?

"ಮಟಕಿ" ಎಂದಿತು ರೇಡಿಯೊ. ಹಿಂದೆಯೇ ನನ್ನ ತಮ್ಮನ ಹೆಸರು, ಅಪ್ಪನ ಹೆಸರಿನ ಸಮೇತ.

ಇವನು ದಡಕ್ಕನೆ ಎದ್ದು ನಿಂತ. ಎರಡೂ ಕೈ ತೊಡೆಗೆ ಅಂಟಿಸಿ, ಗಟ್ಟಿಯಾಗಿ, "ಹಾಜರ್ರೀ ಸರ!" ಎಂದ.

ಬೈಗುಳ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಹಳೆಯದು ನೆನಪಾಯಿತು. ನಾನು ನರ್ಸಿಂಗ್ ಕಲಿಯಲು ಕಲಬುರಗಿಗೆ ಹೋದ ವರ್ಷ, ದನ ನೋಡಲು ಮಕ್ಕಳಲ್ಲಿ ಒಬ್ಬರಾದರೂ ಮನೆಯಲ್ಲಿರಲಿ ಎಂದು ಅಪ್ಪ ಇವನ ಹೆಸರನ್ನು ಶಾಲೆಯಿಂದ ತೆಗೆಸಿದ್ದ. ಆಗ ಇವನಿನ್ನೂ ಮೂರನೆಯ ಇಯತ್ತೆ. ನನ್ನ ಟ್ರಂಕನ್ನು ಬಸ್ಸಿನವರೆಗೆ ಹೊತ್ತು ತಂದವನೂ ಇವನೇ.

ರೇಡಿಯೊ ಮುಂದಿನ ಊರಿಗೆ ಹೋಯಿತು. ಇವನು ಇನ್ನೂ ನಿಂತೇ ಇದ್ದ. ಮಾಸ್ತರರು ಹೇಳದೆ ಕೂಡುವುದು ಹೇಗೆ?

"ಕೂಡಪಾ ತಮ್ಮಾ" ಎಂದೆ.

ಕೂತ.

ಆಮೇಲೆ ನಾನು ಒಂದು ಕಾರ್ಡು ತೆಗೆದುಕೊಂಡು ಹೀಗೆ ಬರೆದೆ: "ಮಾಸ್ತರರಿಗೆ ನಮಸ್ಕಾರ. ಈ ಸಂಜೆ ತಾವು ಹೆಸರು ಕರೆದಾಗ ಮಟಕಿಯ ವಿದ್ಯಾರ್ಥಿ ಹಾಜರಿದ್ದ. ದಯವಿಟ್ಟು ಗುರುತು ಹಾಕಿಕೊಳ್ಳಬೇಕು." ಏಳೂ ಇಪ್ಪತ್ತಕ್ಕೆ ಹೋಗಿ ಅದನ್ನು ಟಪಾಲು ಡಬ್ಬಿಗೆ ಹಾಕಿ ಬಂದೆ.